ಹನ್ನೆರಡು ಅಕ್ಷರ, ಹನ್ನೊಂದು ಅಕ್ಷರ

ಹುಮನಾಬಾದ
14 ಜೂನ್ 2004

ವೈನಿಯವರಿಗೆ,

ಈ ವರ್ಷದ ಶ್ರಾವಣ ಸಪ್ತಾಹದ ಭಜನೆಯಲ್ಲೂ ಹೆಂಗಸರ ಪಹರೆ ಇಲ್ಲ. ಇದನ್ನು ನನಗೆ ತಿಳಿಸಿದವನು ಕೊಹಿನೂರು ಹಳ್ಳಿಯ ಪಂಡರಿ. ಕುರಿ ಮಾರಲು ಇಲ್ಲಿಯ ಸಂತೆಗೆ ಬಂದಿದ್ದ. ಶಾಲೆಯ ಗೇಟಿನ ಹೊರಗೆ ನಿಂತು ಹೇಳಿ ಹೋದ. ನಮ್ಮ ಅಪ್ಪನ ಅಧ್ಯಕ್ಷತೆಯಲ್ಲಿ ನಡೆದ ಸಭೆ ಈ ವಿಷಯವನ್ನು ಎಂಟು ನಿಮಿಷದಲ್ಲಿ ಮುಗಿಸಿತಂತೆ. ಅವನ ತಾಯಿ ಧೂಳಮ್ಮ ಆರು ವರ್ಷದಿಂದ ಮಠದ ಮೆಟ್ಟಿಲು ಹತ್ತಿಲ್ಲ ಎಂದೂ ಅವನೇ ಹೇಳಿದ.

ಮೇ ತಿಂಗಳಲ್ಲಿ ಗುಲಬರ್ಗಾದಲ್ಲಿ ಸಂಗೀತ ಶಿಕ್ಷಕರಿಗೆ ಹತ್ತು ದಿನದ ತರಬೇತಿ ಇತ್ತು. ಒಂದು ಮಧ್ಯಾಹ್ನ ವಿದೇಶದ ಒಂದು ಬಗೆಯ ಸಂಗೀತ ಕೇಳಿಸಿದರು. ಮಿನಿಮಲ್ ಸಂಗೀತ ಎಂದು ಅದರ ಹೆಸರು. ನಾಲ್ಕೈದು ಸ್ವರದ ಒಂದೇ ತುಣುಕು, ಇಪ್ಪತ್ತು ನಿಮಿಷ. ಇಬ್ಬರು ಕೂಡಿ ಶುರು ಮಾಡುತ್ತಾರೆ. ಒಬ್ಬರು ಇದ್ದಲ್ಲೇ ಇರುತ್ತಾರೆ. ಇನ್ನೊಬ್ಬರು ಒಂದು ಸ್ವರ ಮುಂದೆ, ಎರಡು ಸ್ವರ ಮುಂದೆ ಎಂದು ಸರಿಯುತ್ತ ಹೋಗಿ, ಒಂದು ಸುತ್ತು ಹಾಕಿ ಮತ್ತೆ ಬಂದು ಕೂಡುತ್ತಾರೆ. ನನ್ನ ಪಕ್ಕ ಕೂತ ಬೀದರಿನ ವಹೀದಾ ಟೀಚರ್, “ರೆಕಾರ್ಡಿನ ಸೂಜಿ ಸಿಕ್ಕೊಂಡಂಗದ ನೋಡ್ರಿ,” ಅಂದರು. ನನಗೂ ಹಾಗೇ ಅನಿಸಿತು. ಉಪನ್ಯಾಸಕರು, “ಮುಂದೇನು ಬರುತ್ತದೆ ಎಂದು ಕಾಯಬೇಡಿ. ಬದಲಾಗದ ತುಣುಕು ಹೇಗೆ ಬದಲಾಗುತ್ತಿದೆ, ಅದನ್ನು ಕೇಳಿ,” ಎಂದು ಮತ್ತೊಮ್ಮೆ ಹಾಕಿದರು.

ಆಗ ನಾನು ಎದ್ದು ನಮ್ಮ ಸಪ್ತಾಹದ ವಿಷಯ ಹೇಳಿದೆ. ಏಳು ದಿನ ಒಂದೇ ಪಲ್ಲವಿ, ತಾಳ ಹಿಡಿದು ಎದುರುಬದುರು ಎರಡು ಸಾಲಿನಲ್ಲಿ ಕೂತ ಜನ, ಎರಡು ತಾಸಿಗೊಮ್ಮೆ ಹಾಡುವವರು ಬದಲಾಗುವ ಪಹರೆ, ನಡುವೆ ಒಬ್ಬರು ವೀಣೆ ಹಿಡಿದು ನಿಂತಿರುತ್ತಾರೆ, ಆ ವೀಣೆ ಏಳೂ ದಿನ ನೆಲ ಮುಟ್ಟುವ ಹಾಗಿಲ್ಲ ಎಂದೆ. 1998ರಲ್ಲಿ ಮೊದಲ ಸಲ ಹೆಂಗಸರಿಗೆ ಸಿಕ್ಕ ಮಧ್ಯಾಹ್ನದ ಪಹರೆಯಲ್ಲಿ ಎರಡು ಸಾಲು ಬೇರೆಯಾಗಿ ಭಜನೆ ಕೆಟ್ಟಿತು, ಅಲ್ಲಿಗೆ ಪಹರೆಯೂ ಹೋಯಿತು ಎಂದೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬೇರೆಯಾದ ಮೇಲೆ ಮತ್ತೆ ಕೂಡಿದವೇ?”

ಮನೆಗೆ ಬಂದು ಆ ದಿನದ ಕ್ಯಾಸೆಟ್ ಹುಡುಕಿದೆ. ಕಂಬದ ಹತ್ತಿರ ನಾನೇ ಇಟ್ಟಿದ್ದ ಟೇಪ್ ರೆಕಾರ್ಡರಿನದು. ಆರು ವರ್ಷ ಅದನ್ನು ಹಾಕಿರಲಿಲ್ಲ. ಶಾಲೆಯ ಸ್ಟಾಪ್‌ವಾಚ್ ತಂದು ಮೂರು ದಿನ ಕೇಳಿದೆ. ಮೊದಲ ಮಗ್ಗುಲು ಪೂರ್ತಿ ಸರಿಯಾಗಿದೆ. ಎರಡನೇ ಮಗ್ಗುಲಿನಲ್ಲಿ ಸಾಲುಗಳು ಬೇರೆಯಾದ ಮೇಲೂ ಭಜನೆ ಇಪ್ಪತ್ತೆರಡು ನಿಮಿಷ ನಡೆದಿದೆ. ಅಷ್ಟರಲ್ಲಿ ಎರಡು ಸಾಲೂ ಹದಿನೆಂಟು ಸಲ ಮತ್ತೆ ಕೂಡಿವೆ, ಪ್ರತಿ ಸಲವೂ ಎಪ್ಪತ್ತೆರಡು ಸೆಕೆಂಡಿಗೆ. ಹತ್ತೊಂಬತ್ತನೇ ಸುತ್ತಿನ ಇಪ್ಪತ್ನಾಲ್ಕನೇ ಸೆಕೆಂಡಿಗೆ ಅಪ್ಪ ಕೈ ಎತ್ತಿ ನಿಲ್ಲಿಸಿದ್ದಾರೆ. ಇನ್ನು ನಲವತ್ತೆಂಟು ಸೆಕೆಂಡು ತಡೆದಿದ್ದರೆ ಮತ್ತೆ ಕೂಡುತ್ತಿತ್ತು.

ತಾಳ ತಪ್ಪಿದವರು ಹದಿನೆಂಟು ಸಲ ಒಂದೇ ಜಾಗಕ್ಕೆ ಬಂದು ಕೂಡುವುದಿಲ್ಲ. ಸಮಿತಿಯ ನಡಾವಳಿ ಪುಸ್ತಕದಲ್ಲಿ ‘ಧೂಳಮ್ಮ ತಾಳ ತಪ್ಪಿಸಿದ್ದರಿಂದ ಭಜನೆ ಕೆಟ್ಟಿತು’ ಎಂದು ಬರೆದ ಕೈ ನಿಮ್ಮದು. ಅದು ಸುಳ್ಳು. ತಿದ್ದಿ. ಜುಲೈ ಮಧ್ಯದೊಳಗೆ ತಿದ್ದದಿದ್ದರೆ ನಾನೇ ಸಮಿತಿಗೆ ಬರೆಯುತ್ತೇನೆ.

ವಿದ್ಯಾವತಿ

---

ಬಸವಕಲ್ಯಾಣ
21 ಜೂನ್ 2004

ವಿದ್ಯಾ,

ನಿನ್ನ ಕಾಗದ ಬಂತು. ಮೇಲೆ ಶರಣು ಇಲ್ಲ, ಕೆಳಗೆ ಶರಣು ಇಲ್ಲ. ಆರು ವರ್ಷದ ಮೇಲೆ ತವರಿಗೆ ಬರೆದ ಮೊದಲ ಕಾಗದ, ಪತ್ರಿಕೆಗೆ ಕಳಿಸುವ ವರದಿಯ ಹಾಗಿದೆ. ನಿನ್ನ ಅಣ್ಣ ಓದಿ ಮಡಚಿ ಕೊಟ್ಟರು. “ನಮ್ಮ ಹಾಲ್ ಹವಾಲ್ ಏನರೆ ಕೇಳ್ಯಾಳೇನು, ಇನ್ನೊಮ್ಮೆ ನೋಡು,” ಅಂದರು. ನೋಡಿದೆ. ಕೇಳಿಲ್ಲ.

ಒಂದೇ ತುಣುಕನ್ನು ಇಪ್ಪತ್ತು ನಿಮಿಷ ಕೇಳಲು ಗುಲಬರ್ಗಾದ ತನಕ ಹೋಗಿದ್ದೆಯಾ? ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಬಾ. ಬೆಳಗಿನಿಂದ ಸಂಜೆ ತನಕ ಕೇಳಬಹುದು. ಪ್ರಮಾಣಪತ್ರ ಮಾತ್ರ ಕೊಡುವುದಿಲ್ಲ.

ಮಾವನವರಿಗೆ ಕಾಗದ ತೋರಿಸಿಲ್ಲ. ಅವರಿಗೆ ಎಪ್ಪತ್ತಾರು. ತಾವು ಕೈ ಎತ್ತಿದ ಗಳಿಗೆಯನ್ನು ಮಗಳು ಸ್ಟಾಪ್‌ವಾಚ್ ಹಿಡಿದು ಅಳೆದಿದ್ದಾಳೆ ಎಂದು ಯಾವ ಬಾಯಿಂದ ಹೇಳಲಿ?

ಆ ದಿನ ತಾಳ ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಹೋದವಳು ನೀನು. ಊಟಕ್ಕೂ ನಿಲ್ಲಲಿಲ್ಲ. ಆಮೇಲೆ ಒಂದು ಪಂಚಮಿಗೂ ಬರಲಿಲ್ಲ. ನಾನು ಮಾತ್ರ ಎರಡು ಗಂಟೆಯ ತನಕ ವೀಣೆ ಹಿಡಿದು ಅಲ್ಲೇ ನಿಂತಿದ್ದೆ. ಗಂಡಸರ ಮಂಡಳಿ ನಮ್ಮ ಜಾಗದಲ್ಲಿ ಕೂತು, ನಮ್ಮ ತಾಳ ಎತ್ತಿಕೊಂಡು ಹಾಡುತ್ತಿತ್ತು. ಒಂದು ತಾಸು ಅವರ ನಡುವೆ ಕಂಬದ ಹಾಗೆ ನಿಂತೆ. ವೀಣೆ ನೆಲ ಮುಟ್ಟಿಲ್ಲ. ಅದು ನಿನ್ನ ಕ್ಯಾಸೆಟ್ಟಿನಲ್ಲೂ ಇಲ್ಲ, ನಡಾವಳಿಯಲ್ಲೂ ಇಲ್ಲ.

ಇಷ್ಟೆಲ್ಲ ಎಣಿಸಿದ ಮೇಲೆ ಇನ್ನೊಂದು ಎಣಿಸು. ಸಾಲುಗಳು ಯಾಕೆ ಬೇರೆಯಾದವು? ಆ ವರ್ಷ ಹಂಚಿದ ಹಾಡಿನ ಪುಸ್ತಿಕೆ ನಿನ್ನ ಹತ್ತಿರ ಇದ್ದೇ ಇರುತ್ತದೆ. ಪಲ್ಲವಿ ಓದು. ಆಮೇಲೆ ಧೂಳಮ್ಮನ ಸಾಲು ಏನು ಹಾಡುತ್ತಿದೆ, ಒಂದೊಂದೇ ಅಕ್ಷರ ಕೇಳು. ತಿದ್ದಬೇಕಾದವರು ಯಾರು ಎಂದು ಆಮೇಲೆ ಹೇಳು.

ಶರಣು.
ಭುವನೇಶ್ವರಿ

---

ಹುಮನಾಬಾದ
2 ಜುಲೈ 2004

ವೈನಿಯವರಿಗೆ,

ಪುಸ್ತಿಕೆಯಲ್ಲಿ ಇರುವುದು: ‘ನಿನ್ನ ಬಾಗಿಲಲಿ ನಿಂತಿದ್ದೇವೆ ತಂದೆ.’ ಹನ್ನೆರಡು ಅಕ್ಷರ, ಅಕ್ಷರಕ್ಕೊಂದು ತಾಳದ ಪೆಟ್ಟು. ನನ್ನ ಸಾಲು ಕೊನೆಯ ತನಕ ಇದನ್ನೇ ಹಾಡಿದೆ. ಧೂಳಮ್ಮನ ಸಾಲು ಮೊದಲ ಅರ್ಧ ತಾಸು ಇದನ್ನೇ ಹಾಡಿ, ಆಮೇಲೆ ಹಾಡಿದ್ದು: ‘ನಿನ್ನ ಬಾಗಿಲಲಿ ನಿಂತೇವಿ ತಂದೆ.’ ಹನ್ನೊಂದು.

ಹೀಗಾಗಿ ಪ್ರತಿ ಸುತ್ತಿಗೂ ಅವರು ಒಂದು ಅಕ್ಷರ ಮುಂದೆ ಹೋಗಿದ್ದಾರೆ. ತಾಳದ ನಡಿಗೆ ಎರಡೂ ಕಡೆ ಒಂದೇ. ಯಾರೂ ಓಡಿಲ್ಲ, ಯಾರೂ ಹಿಂದೆ ಬಿದ್ದಿಲ್ಲ. ನಾವು ಹನ್ನೊಂದು ಸಲ ಹಾಡುವಷ್ಟರಲ್ಲಿ ಅವರು ಹನ್ನೆರಡು ಸಲ ಹಾಡಿ, ನೂರಾ ಮೂವತ್ತೆರಡನೇ ಪೆಟ್ಟಿಗೆ ಇಬ್ಬರೂ ಒಟ್ಟಿಗೆ ಮುಗಿಸುತ್ತೇವೆ. ಎಪ್ಪತ್ತೆರಡು ಸೆಕೆಂಡಿನ ಕಾರಣ ಇದು. ನಿಲ್ಲಿಸಿದ ಗಳಿಗೆಯಲ್ಲಿ ಎರಡು ಸಾಲಿನ ನಡುವೆ ನಾಲ್ಕು ಅಕ್ಷರದ ಅಂತರ ಇತ್ತು.

ಗುಲಬರ್ಗಾದಲ್ಲಿ ಕೇಳಿಸಿದ್ದರಲ್ಲೂ ಇಂಥದೊಂದು ಪದ್ಧತಿ ಇತ್ತು. ಒಂದು ತುಣುಕಿನಿಂದ ಒಂದು ಸ್ವರ ತೆಗೆದು, ಅದನ್ನು ಪೂರ್ತಿ ತುಣುಕಿನ ಮೇಲೆ ಪದರ ಹಾಸಿದ ಹಾಗೆ ಹಾಕುವುದು. ಅಲ್ಲಿ ಬೇಕೆಂದೇ ಮಾಡುತ್ತಾರೆ. ಪದರದ ಮೇಲೆ ಪದರ ಕೂತಾಗ ಯಾರೂ ಬಾರಿಸದ ಮೂರನೆಯ ಒಂದು ದನಿ ಕೇಳಿಸುತ್ತದೆ ಎಂದೂ ಹೇಳಿದ್ದರು. ನಮ್ಮ ಕ್ಯಾಸೆಟ್ಟಿನಲ್ಲಿ ಅದು ನನಗೆ ಕೇಳಿಸಿಲ್ಲ. ಕೇಳಿಸದ್ದನ್ನು ಬರೆಯುವುದಿಲ್ಲ.

ಧೂಳಮ್ಮನಿಗೆ ಓದು ಬರುವುದಿಲ್ಲ, ಒಂದು ಅಕ್ಷರ ಬಿಟ್ಟಳು. ಅಷ್ಟಕ್ಕೆ ಆರು ವರ್ಷದ ಶಿಕ್ಷೆ ಬರೆದದ್ದು ನೀವು. ನನ್ನ ಬೇಡಿಕೆ ಬದಲಾಗಿಲ್ಲ.

ವಿದ್ಯಾವತಿ

---

ಬಸವಕಲ್ಯಾಣ
12 ಜುಲೈ 2004

ವಿದ್ಯಾ,

ಧೂಳಮ್ಮ ಅಕ್ಷರ ಬಿಡಲಿಲ್ಲ. ನೀನು ಸೇರಿಸಿದೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಪಾರ್ವತಿಬಾಯಿ ಬೆಳಗಿನ ಪೂಜೆಗೆ ಆ ಪಲ್ಲವಿ ಹೇಳುತ್ತಿದ್ದರು. ಅವರು ನಿನ್ನ ತಾಯಿ, ಅವರ ಬಾಯಲ್ಲೂ ಅದು ‘ನಿಂತೇವಿ’ ಎಂದೇ ಇತ್ತು. 1998ರಲ್ಲಿ ಪುಸ್ತಿಕೆ ಅಚ್ಚಿಗೆ ಹೋಗುವಾಗ ಕೆಂಪು ಪೆನ್ನಿನಿಂದ ತಿದ್ದಿದವಳು ನೀನು. ತಾಲೀಮಿನ ದಿನ ಮರೆತಿದ್ದರೆ ನೆನಪಿಸುತ್ತೇನೆ.

“ನಿಂತಿದ್ದೇವೆ ಅಂದ್ರ ಬಾಯಾಗ ನಿಂದ್ರವಲ್ದು ಯವ್ವಾ,” ಅಂದಳು ಧೂಳಮ್ಮ.

“ರೂಢಿ ಮಾಡ್ರಿ, ಬರ್ತದ. ಬೀದರದಿಂದ ಸಾಹೇಬ್ರು ಬರಾಕತ್ತಾರ. ಶುದ್ಧ ಕನ್ನಡದಾಗ ಹಾಡ್ರಿ,” ಅಂದೆ ನೀನು.

“ಇಷ್ಟು ದಿನ ದೇವರಿಗಿ ನಮ್ಮ ಮಾತು ತಿಳೀತಿತ್ತಲ್ರೀ ಟೀಚರಬಾಯಿ? ಈಗ ಸಾಹೇಬ್ರು ತಿಳಿಸಿ ಹೇಳ್ತಾರೇನು?”

ಎಲ್ಲರೂ ನಕ್ಕರು. ನೀನೊಬ್ಬಳು ನಗಲಿಲ್ಲ. ಆದರೂ ಅವಳು ಅರ್ಧ ತಾಸು ನಿನ್ನ ನಾಲ್ಕು ಅಕ್ಷರವನ್ನು ಬಿಗಿಹಿಡಿದೇ ಹಾಡಿದಳು. ದಣಿದ ಮೇಲೆ ನಾಲಿಗೆ ತನ್ನ ಮನೆಗೆ ಹೋಯಿತು. ಅವಳ ಸಾಲಿನ ಎಂಟು ಜನವೂ ಹಿಂದೆ ಹೋದರು. ಅವರ ಮನೆಯೂ ಅದೇ.

ಆ ಸಂಜೆ ಮಾವನವರು ನಡಾವಳಿ ಪುಸ್ತಕ ನನ್ನ ಮುಂದೆ ಇಟ್ಟರು. “ಮುಂದಾಳು ನೀ ಇದ್ದಿ. ಯಾರ ತಪ್ಪದ, ಹೆಸರ ಬರಿ,” ಅಂದರು. ನನ್ನ ಮುಂದೆ ಎರಡು ಹೆಸರು ಇದ್ದವು. ಒಂದು ಅವರ ಮಗಳದು. ಇನ್ನೊಂದು ಓದು ಬರದ ಒಬ್ಬ ಕುರಿಗಾರ ಹೆಣ್ಣುಮಗಳದು. ಓದು ಬರದವಳಿಗೆ ತಿಳಿಯುವುದಿಲ್ಲ ಎಂದುಕೊಂಡು ಬರೆದೆ. ಪಂಡರಿ ಓದಿ ಹೇಳಿದ. ನಿನ್ನ ಹೆಸರು ಬರೆಯಬಾರದೆಂದು ಅವಳ ಹೆಸರು ಬರೆದೆ, ಆ ನೀನು ಈಗ ಹುಮನಾಬಾದದಲ್ಲಿ ಕೂತು ನನಗೆ ಗಡುವು ಕೊಡುತ್ತೀ.

ಇನ್ನೊಂದು ಸಂಗತಿ. ಮರುವಾರ ಧೂಳಮ್ಮ ಸಮಿತಿಯ ಮುಂದೆ ಬಂದಳು. ಸಾಲು ಬೇರೆಯಾದದ್ದು ತಿಳಿಯಲಿಲ್ಲವೇ, ತಿಳಿದ ಮೇಲೆ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು. “ತಿಳೀತ್ರಿ. ಆದ್ರ ಒಳಗಿಂದ ಬಾ, ಬಾ ಅನ್ನಾಕತ್ತಿತ್ರಿ. ಹ್ಯಾಂಗ ನಿಲ್ಲಸ್ಲಿ?” ಅಂದಳು. ಸಮಿತಿ ನಕ್ಕಿತು. ನಾನೂ ನಕ್ಕೆ. ಅವಳು ತಿರುಗಿ ಬರಲಿಲ್ಲ.

ನಿನ್ನ ಸ್ಟಾಪ್‌ವಾಚಿಗೆ ಅದು ಸಿಗುತ್ತದೆಯೋ ನೋಡು.

ಶರಣು.
ಭುವನೇಶ್ವರಿ

---

ಸಪ್ತಾಹ ಸಮಿತಿ, ಬಸವಕಲ್ಯಾಣ
26 ಜುಲೈ 2004

ಶ್ರೀಮತಿ ವಿದ್ಯಾವತಿ ಅವರಿಗೆ,

ನಿಮ್ಮ 19-7-2004ರ ಅರ್ಜಿ ತಲುಪಿದೆ. 1998ರ ಪುಸ್ತಿಕೆಯ ಪಲ್ಲವಿಯನ್ನು ಸಮಿತಿಯ ಒಪ್ಪಿಗೆ ಇಲ್ಲದೆ ತಿದ್ದಿದವರು ತಾವೇ ಎಂದು ನೀವು ಬರೆದಿರುವುದನ್ನು ದಾಖಲಿಸಿಕೊಳ್ಳಲಾಗಿದೆ.

ಧೂಳಮ್ಮನ ಹೆಸರು ತೆಗೆಯಬೇಕು, ಮಹಿಳೆಯರ ಪಹರೆ ಮರಳಿ ಕೊಡಬೇಕು ಎಂಬ ಎರಡು ಬೇಡಿಕೆಗಳ ಬಗ್ಗೆ ಸಮಿತಿ ಇನ್ನೂ ತೀರ್ಮಾನಿಸಿಲ್ಲ. ವಿದೇಶದಲ್ಲಿ ಒಂದು ಪದ್ಧತಿ ಇದೆ ಎಂಬ ಕಾರಣಕ್ಕೆ ಇಲ್ಲಿಯ ಭಜನೆ ಕೆಟ್ಟಿರಲಿಲ್ಲ ಎಂದು ಒಪ್ಪಲು ಬರುವುದಿಲ್ಲ. ಅಲ್ಲಿಯವರು ಏಳು ದಿನ ಹಾಡುತ್ತಾರೆಯೇ ಎಂಬುದನ್ನು ನೀವು ತಿಳಿಸಿಲ್ಲ.

ಆಗಸ್ಟ್ 8, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಠದಲ್ಲಿ ಸಭೆ ಇದೆ. ಕ್ಯಾಸೆಟ್ ಸಮೇತ ಹಾಜರಾಗುವುದು. ಹದಿನೈದು ನಿಮಿಷ ಕೊಡಲಾಗುವುದು. ಟೇಪ್ ರೆಕಾರ್ಡರ್ ನೀವೇ ತರತಕ್ಕದ್ದು. ಊಟ ವಸತಿಯ ವಿಷಯ ಈ ಪತ್ರಕ್ಕೆ ಸಂಬಂಧಿಸಿಲ್ಲ.

ಮಹಾರುದ್ರಪ್ಪ
ಅಧ್ಯಕ್ಷರು

---

ಬಸವಕಲ್ಯಾಣ
10 ಆಗಸ್ಟ್ 2004

ವಿದ್ಯಾ,

ಈ ವರ್ಷ ಹೆಂಗಸರ ಪಹರೆ ಇದೆ. ಇದನ್ನು ತಿಳಿಸುತ್ತಿರುವವಳು ನಾನು. ನಿನಗೆ ಓದಲು ಸುಲಭವಾಗಲಿ ಎಂದು ನಿನ್ನ ಶೈಲಿಯಲ್ಲೇ ಶುರು ಮಾಡಿದ್ದೇನೆ.

ನೀನು ಬಂದೆ, ಕ್ಯಾಸೆಟ್ ಹಚ್ಚಿದೆ, ಬರೆದುಕೊಂಡು ಬಂದದ್ದನ್ನು ಓದಿದೆ. ಅಪ್ಪನ ಕಡೆ ನೋಡದೆ “ಅಧ್ಯಕ್ಷರೇ” ಅಂದೆ. “ಮೂರನೆಯ ದನಿ ನನಗೆ ಇನ್ನೂ ಕೇಳಿಸಿಲ್ಲ” ಎಂದು ಅದನ್ನೂ ಓದಿ, ಯಂತ್ರ ಅಲ್ಲೇ ಬಿಟ್ಟು ಒಂದು ಗಂಟೆಯ ಬಸ್ಸಿಗೆ ಹೋದೆ. ಮನೆ ನೂರು ಹೆಜ್ಜೆ ದೂರ ಇತ್ತು. ನಿನ್ನ ಅಣ್ಣ ಬಾಗಿಲಲ್ಲಿ ನಿಂತಿದ್ದರು.

ನೀನು ಹೋದ ಅರ್ಧ ತಾಸಿಗೆ ಪಂಡರಿ ತಾಯಿಯನ್ನು ಕರೆದುಕೊಂಡು ಬಂದ. ಧೂಳಮ್ಮ ಮೆಟ್ಟಿಲ ಕೆಳಗೇ ಕೂತಳು, ಎಷ್ಟು ಕರೆದರೂ ಮೇಲೆ ಬರಲಿಲ್ಲ. ಟೇಪನ್ನೇ ಬಾಗಿಲಿಗೆ ತಂದು ಇಟ್ಟರು. ಸಮಿತಿಯ ಶರಣಕುಮಾರ ನಗುತ್ತ ಬಂದ.

“ಆಯಿ, ಎಲ್ಲಿ ಬಾ ಬಾ ಅಂತದ, ನಮಗೂ ಒಂದೀಟು ತೋರ್ಸು.”

“ನಿಂದು ಬಾಯಿ ಬಂದ್ ಆದ ಮ್ಯಾಲ ತೋರಸ್ತೀನಿ,” ಅಂದಳು.

ಕಣ್ಣು ಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಿಗೆ ಬೆರಳು ಎತ್ತಿ, “ಹಾಂ, ಈಗ,” ಅಂದಳು. ಅಂದ ಮೇಲೆ ಬಂತು. ನಿನ್ನ ಸಾಲಿನಿಂದ ಒಂದು ‘ಬಾ’, ಮುಂದಿನ ಪೆಟ್ಟಿಗೆ ಅವಳ ಸಾಲಿನಿಂದ ಒಂದು ‘ಬಾ’. ಆಮೇಲೆ ಎರಡು ಸಾಲೂ ಕೂಡಿ ಒಂದು ಸಲ ಪಲ್ಲವಿ ಹೇಳಿದವು. “ಈಗ ಮತ್ತ,” ಅಂದಳು. ಈ ಸಲ ಮೊದಲ ‘ಬಾ’ ಅವಳ ಸಾಲಿನದು, ಎರಡನೆಯದು ನಿನ್ನ ಸಾಲಿನದು.

ನಿನ್ನ ಎಣಿಕೆ ನೀನೇ ನೋಡಿಕೋ. ಸಾಲುಗಳು ಕೂಡುವ ಮುಂಚೆ ಒಮ್ಮೆ, ಕೂಡಿ ಅಗಲಿದ ಮೇಲೆ ಒಮ್ಮೆ, ಅವುಗಳ ನಡುವೆ ಒಂದೇ ಅಕ್ಷರದ ಅಂತರ ಇರುತ್ತದೆ. ಆಗ ‘ಬಾಗಿಲಲಿ’ಯ ಬಾ ಒಂದರ ಹಿಂದೆ ಒಂದು ಬೀಳುತ್ತದೆ. ಎಲ್ಲರೂ ಹಾಡುತ್ತಿರುವುದು ಬಾಗಿಲಲ್ಲಿ ನಿಂತಿದ್ದೇವೆ ಎಂದು. ಕೇಳುವುದು ಬಾ, ಬಾ ಎಂದು.

ಮಾವನವರು ಟೇಪನ್ನು ತಾವೇ ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಹಾಕಿದರು. ಕೈಗಡಿಯಾರ ಬಿಚ್ಚಿ ಮುಂದೆ ಇಟ್ಟುಕೊಂಡಿದ್ದರು. ನಾಲ್ಕು ಸಲವೂ ದನಿಗಿಂತ ಮುಂಚೆ ಅವಳ ಬೆರಳು ಎದ್ದಿತು. ಶರಣಕುಮಾರ ಒಳಗೆ ಹೋಗಿ ಕೂತ. ಮಾವನವರು ನನ್ನ ಕಡೆ ತಿರುಗಿದರು.

“ಅವತ್ತ ವೀಣಿ ಹಿಡದು ನಡುವ ನಿಂತಾಕಿ ನೀನು. ನಿನಗ ಕೇಳಿದ್ದಿಲ್ಲೇನು?”

“ಕೇಳಿತ್ರಿ,” ಅಂದೆ.

ಕೇಳಿತ್ತು ವಿದ್ಯಾ. ಇಪ್ಪತ್ತೆರಡು ನಿಮಿಷವೂ ಕೇಳಿತ್ತು. ಅವಳು ಸಮಿತಿಯ ಮುಂದೆ ಅದನ್ನು ಹೇಳಿದ ದಿನ, ಕೇಳಿದ್ದು ಗೊತ್ತಿದ್ದೇ ನಕ್ಕೆ.

ನಡಾವಳಿ ತರಿಸಿ ಆ ವಾಕ್ಯ ನಾನೇ ಹೊಡೆದು ಹಾಕಿದೆ. ಕೆಳಗೆ ಬರೆದೆ: ‘ತಾಳ ಯಾರೂ ತಪ್ಪಿಸಿಲ್ಲ. ಸುಳ್ಳು ಬರೆದವಳು ಭುವನೇಶ್ವರಿ.’ ಧೂಳಮ್ಮನಿಗೆ ಪಂಡರಿ ಓದಿ ಹೇಳಿದ. ಅವಳು ಕ್ಷಮಿಸಿದೆ ಎಂದು ಹೇಳಲಿಲ್ಲ. ಪಹರೆ ಕೊಟ್ಟರೆ ಬರುತ್ತೀಯಾ ಎಂದು ಮಾವನವರು ಕೇಳಿದಾಗ ಹೇಳಿದ್ದು ಇಷ್ಟು:

“ಬರ್ತೀನ್ರಿ. ಆದ್ರ ಟೀಚರಬಾಯಿ ನನ್ನ ಸಾಲಿನಾಗ ಕುಂತು ನಿಂತೇವಿ ಅನ್ಬೇಕು. ಈ ನಿಮ್ಮ ಸೊಸಿಬಾಯಾರು ಆ ಕಡಿ ಕುಂತು ನಿಂತಿದ್ದೇವೆ ಅನ್ನಲಿ. ವೀಣಿ ನಾ ಹಿಡೀತೀನಿ. ನಡುವ ನಿಂತ್ರ ಛಂದ ಕೇಳ್ತದ.”

ಸಮಿತಿ ಹಾಗೇ ಬರೆದುಕೊಂಡಿತು. ನಿನ್ನ ಆ ನಾಲ್ಕು ಅಕ್ಷರ ಈಗ ನನ್ನ ಬಾಯಿಗೆ ಬಂದಿದೆ. ಒಲೆಯ ಮುಂದೆ ಹೇಳುತ್ತ ಕೂತರೆ ಮಾವನವರು ಹೊರಗಿನಿಂದ ತಿದ್ದುತ್ತಾರೆ.

ನಿನ್ನ ಎದುರು ಕೂರುವ ಆಸೆ ನನಗಿಲ್ಲ. ಸಾಲು ಎದುರುಬದುರೇ ಇರುತ್ತದೆ, ಏನು ಮಾಡಲಿ. ಪಂಚಮಿ ಇದೇ ಇಪ್ಪತ್ತಕ್ಕೆ. ಕರೆದೆ ಎಂದುಕೊಳ್ಳಬೇಡ, ತಾರೀಕು ತಿಳಿಸಿದೆ.

ಭುವನೇಶ್ವರಿ

---

ಹುಮನಾಬಾದ
17 ಆಗಸ್ಟ್ 2004

ವೈನಿಯವರಿಗೆ ಶರಣು.

ಪಂಚಮಿಗೆ ಬರುವುದಿಲ್ಲ.

ನಡಾವಳಿಯಲ್ಲಿ ನಿಮ್ಮ ಹೆಸರು ಒಂದೇ ಇರುವುದು ಸರಿಯಲ್ಲ. ನನ್ನ ಅರ್ಜಿಯನ್ನು ಅದೇ ಪುಟಕ್ಕೆ ಅಂಟಿಸಬೇಕೆಂದು ಸಮಿತಿಗೆ ಬರೆದಿದ್ದೇನೆ. 1998ರಲ್ಲಿ ನೀವು ನನ್ನನ್ನು ಉಳಿಸಿದ್ದು ನಾನು ಕೇಳಿದ್ದಲ್ಲ. ಈಗಲೂ ಕೇಳುವುದಿಲ್ಲ. ಅದಕ್ಕಾಗಿ ಇನ್ನೊಬ್ಬರ ಹೆಸರು ಕೊಟ್ಟದ್ದನ್ನು ನಾನು ಮರೆಯುವವಳಲ್ಲ. ಆ ಹೆಸರು ಕೊಡಬೇಕಾದ ಹಾಗೆ ಮಾಡಿದವಳು ನಾನು ಎಂಬುದನ್ನೂ ಮರೆಯುವುದಿಲ್ಲ.

ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಇಲ್ಲಿದೆ. ನಿಮ್ಮ ಕಾಗದ ಬಂದ ಮೇಲೆ ಹಾಕಿದೆ. ಎರಡು ಸಲ ಕೇಳಿಸಲಿಲ್ಲ, ಮೂರನೇ ಸಲ ಕೇಳಿಸಿತು. ಮೊದಲು ಕೇಳಿಸದ್ದಕ್ಕೆ ಕಾರಣ ಹುಡುಕಿದೆ. ಪ್ರತಿ ಸಲವೂ ಒಂದು ಸಾಲನ್ನು ಹಿಡಿದು ಇನ್ನೊಂದನ್ನು ಬಿಟ್ಟು ಎಣಿಸುತ್ತಿದ್ದೆ. ಕಾರಣ ಅಷ್ಟೇ.

‘ನಿಂತೇವಿ’ಯನ್ನು ರೂಢಿ ಮಾಡಬೇಕಾಗಲಿಲ್ಲ. ಮೊದಲ ಸಲಕ್ಕೇ ಬಾಯಿಗೆ ಬಂತು, ಅವ್ವನ ದನಿಯಲ್ಲಿ. ಅದನ್ನು ಹೆಮ್ಮೆಯಿಂದ ತಿಳಿಸುತ್ತಿಲ್ಲ.

ಅಲ್ಲಿ ಬಿಟ್ಟ ಟೇಪ್ ರೆಕಾರ್ಡರ್ ಶಾಲೆಯದು. ಪಹರೆಯ ದಿನ ಮರಳಿ ಕೊಡಬೇಕು. ಊಟದ ಡಬ್ಬಿ ನಾನು ತರುತ್ತೇನೆ. ಪಹರೆ ಮುಗಿದ ಮೇಲೆ ಬಸ್ಸು ಮೂರೂವರೆಗೆ ಇದೆ.

ಮೂಡಣ ಸಾಲಿನಲ್ಲಿ ನೀವು, ಹನ್ನೆರಡು ಅಕ್ಷರ. ಪಡುವಣ ಸಾಲಿನಲ್ಲಿ ನಾನು, ಹನ್ನೊಂದು ಅಕ್ಷರ. ವೀಣೆ ಧೂಳಮ್ಮನ ಕೈಯಲ್ಲಿ. ಆಗಸ್ಟ್ 27, ಶುಕ್ರವಾರ ಹನ್ನೊಂದೂವರೆಗೆ ತಾಳ ಹಂಚುತ್ತಾರೆ. ಪಹರೆ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುತ್ತದೆ.

ವಿದ್ಯಾವತಿ